ಗುಂಡಿ ಹಾಕಿಕೊಳ್ಳೋಕೆ ಹದಿನಾಲ್ಕು ತಿಂಗಳು: ಮಗಳ ಆಕ್ಯುಪೇಷನಲ್ ಥೆರಪಿ ಮುಗಿಸಿದ ಅಪ್ಪನ ಅನುಭವ

ಕಳೆದ ವಾರ ಮಗಳ ಆಕ್ಯುಪೇಷನಲ್ ಥೆರಪಿ (ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು ಇಂಥ ದಿನನಿತ್ಯದ ಕೆಲಸಗಳಿಗೆ ತೊಡಕಾದಾಗ ಕೊಡುವ ಚಿಕಿತ್ಸೆ) ಮುಗಿಯಿತು. ಮೊದಲ ದಿನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳು. ಅದರಲ್ಲಿ ಥೆರಪಿ ಅಂತ ನಡೆದದ್ದು ಎಂಟು ತಿಂಗಳಿಗಿಂತ ಕಡಿಮೆ. ಉಳಿದದ್ದೆಲ್ಲ ಕಾಯುವುದು, ಓಡಾಡುವುದು, ಫಾರಂ ತುಂಬುವುದು. ಶುರುವಿನಲ್ಲೇ ಯಾರಾದರೂ ಕೂರಿಸಿಕೊಂಡು ನಾಲ್ಕು ಮಾತು ಹೇಳಿದ್ದರೆ ಇದರಲ್ಲಿ ಎಷ್ಟೋ ತಿಂಗಳು ಉಳಿಯುತ್ತಿತ್ತು. ಆ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಈ ವಿಷಯ ತಿಳಿದದ್ದು ಈ ಓಡಾಟದಲ್ಲೇ, ಹಾಗಾಗಿ ನಮ್ಮ ಮಗಳ ಕಥೆಯನ್ನೇ ಹೇಳುತ್ತೇನೆ. ನಿಮ್ಮ ಮಗುವಿನದು ಬೇರೆ ಇರಬಹುದು.

ಎಲ್ಲ ಶುರುವಾದದ್ದು ಶಾಲೆಯ ಡೈರಿಯಲ್ಲಿ ಬಂದ ಎರಡು ಸಾಲಿನಿಂದ. ಬರವಣಿಗೆ ತುಂಬಾ ನಿಧಾನ, ಬೋರ್ಡಿನ ಮೇಲಿರುವುದನ್ನು ಪೂರ್ತಿ ಬರೆದುಕೊಳ್ಳುತ್ತಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಿ ಅಂತ ಟೀಚರ್ ಬರೆದಿದ್ದರು. ಮಗಳಿಗೆ ಆಗ ಆರು ವರ್ಷ. ಹೇಳಿದ ಹಾಗೇ ಮಾಡಿದೆವು. ದಿನಾ ರಾತ್ರಿ ಒಂದು ಪುಟ. ಮೂರನೇ ಸಾಲಿಗೆ ಬರುವ ಹೊತ್ತಿಗೆ ಅವಳ ಬೆರಳ ತುದಿ ಬೆಳ್ಳಗಾಗಿರುತ್ತಿತ್ತು, ಅಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿಯುತ್ತಿದ್ದಳು. ಐದನೇ ಸಾಲಿಗೆ ಅಳು. ಒಂದು ದಿನ ಪುಟ ಹರಿಯುವಷ್ಟು ಒತ್ತಿ ಅಳಿಸಿದಳು. ನಾನು ಗದರಿದೆ. ಆ ರಾತ್ರಿ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ನಾನು, ನನ್ನ ಹೆಂಡತಿ ಕೂತು ಹಿಂದಿನದನ್ನೆಲ್ಲ ಕೂಡಿಸಿ ನೋಡಿದೆವು. ಗುಂಡಿ ಹಾಕಿಕೊಳ್ಳಲು ಬರಲ್ಲ. ಕಾಲುಚೀಲದ ಹಿಮ್ಮಡಿ ಯಾವಾಗಲೂ ಪಾದದ ಮೇಲೆ ತಿರುಗಿರುತ್ತದೆ. ಸಮತಟ್ಟಾದ ನೆಲದ ಮೇಲೂ ಎಡವುತ್ತಾಳೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾಳೆ. ಅಂಗಿಯ ಕತ್ತಿನ ಹಿಂದಿರುವ ಲೇಬಲ್ ಕತ್ತರಿಸದೆ ಹಾಕಿಕೊಳ್ಳಲ್ಲ. ತಲೆಸ್ನಾನ ಅಂದರೆ ಮನೆಯೇ ರಣರಂಗ. ಮಾತಿನಲ್ಲಿ ಮಾತ್ರ ಚುರುಕು, ಒಮ್ಮೆ ಕೇಳಿದ ಕಥೆಯನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಅದಕ್ಕೇ ನಮಗೆ ಅನುಮಾನ ಬರಲಿಲ್ಲ. ಬುದ್ಧಿ ಇದೆ, ಮನಸ್ಸು ಮಾಡಲ್ಲ ಅಂತ ತಿಳಿದುಕೊಂಡಿದ್ದೆವು. "ನೀವು ಮುದ್ದು ಮಾಡಿದ್ದು ಜಾಸ್ತಿ ಆಯ್ತು ಕಣಪ್ಪ, ನೀವೇ ಎಲ್ಲ ಮಾಡಿಕೊಟ್ಟರೆ ಅವಳ್ಯಾಕೆ ಕಲೀತಾಳೆ?" ಅಂತ ನಮ್ಮಮ್ಮ ಅಂದರು. ಇರಬಹುದು ಅನ್ನಿಸಿತು ನನಗೂ.

ಮೊದಲು ಹೋದದ್ದು ಮಕ್ಕಳ ಡಾಕ್ಟರ್ ಹತ್ತಿರ. ಅವರು ಅವಳನ್ನು ನೆಲದ ಮೇಲೆ ಕೂರಿಸಿ ಎದ್ದು ನಿಲ್ಲಲು ಹೇಳಿದರು. ಕೈ ಆಧಾರ ತಗೊಳ್ಳುತ್ತಾಳಾ ಅಂತ ನೋಡಿದರು. ಕೈಕಾಲು ಹಿಡಿದು ಬಗ್ಗಿಸಿದರು, ಒಂದು ಕಾಲಲ್ಲಿ ನಿಲ್ಲಿಸಿದರು. ಹುಟ್ಟಿದಾಗಿನ ತೂಕ, ಎಷ್ಟು ವಾರಕ್ಕೆ ಹುಟ್ಟಿದಳು, ಯಾವಾಗ ನಡೆದಳು, ಎಲ್ಲ ಕೇಳಿದರು. ಆಮೇಲೆ ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿದರು: "ಮೊದಲು ಮಾಡುತ್ತಿದ್ದು ಈಗ ಮಾಡೋಕೆ ಆಗದೇ ಇರೋದು ಏನಾದರೂ ಇದೆಯಾ?" ಇಲ್ಲ ಅಂದೆವು. ಅದು ಮುಖ್ಯವಂತೆ. ಕಲಿಯುವುದು ನಿಧಾನವಾಗುವುದು ಬೇರೆ, ಕಲಿತದ್ದು ಹೋಗುವುದು ಬೇರೆ. ಎರಡನೆಯದಾದರೆ ಥೆರಪಿಗೆ ಕಾಯದೆ ತಕ್ಷಣ ಬೇರೆ ಪರೀಕ್ಷೆ ಆಗಬೇಕು. ನಮಗೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿ, ಆಕ್ಯುಪೇಷನಲ್ ಥೆರಪಿಗೆ ಚೀಟಿ ಬರೆದುಕೊಟ್ಟರು. ಕಣ್ಣಿನ ಪರೀಕ್ಷೆಯನ್ನು ಯಾರೂ ಬಿಡಬೇಡಿ. ಬೋರ್ಡ್ ಸರಿಯಾಗಿ ಕಾಣದ ಮಗುವಿಗೆ ಕೈಗೆ ಕಸರತ್ತು ಮಾಡಿಸಿ ಏನು ಪ್ರಯೋಜನ?

ಆ ಹೆಸರು ನೋಡಿ ನಮಗೆ ಗೊಂದಲವಾಯಿತು. ಆಕ್ಯುಪೇಷನ್ ಅಂದರೆ ಉದ್ಯೋಗ ಅಲ್ವಾ, ಆರು ವರ್ಷದ ಮಗುವಿಗೆ ಎಂಥ ಉದ್ಯೋಗ ಅಂತ ನನ್ನ ಹೆಂಡತಿ ಕೇಳಿದಳು. ಇಲ್ಲಿ ಆ ಪದಕ್ಕೆ ದಿನ ತುಂಬುವ ಕೆಲಸಗಳು ಅನ್ನುವ ಅರ್ಥ. 1917ರಲ್ಲಿ ಅಮೆರಿಕದಲ್ಲಿ ಈ ವೃತ್ತಿಯವರು ಮೊದಲ ಸಂಘ ಕಟ್ಟಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಇದೇ: ಕಾಯಿಲೆಯವರು ಸುಮ್ನೆ ಮಲಗಿರುವುದಕ್ಕಿಂತ ಕೈಗೆ ಅರ್ಥವಿರುವ ಕೆಲಸ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ. ಮಗುವಿನ ಕೆಲಸ ಅಂದರೆ ಆಟ, ಊಟ, ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು, ಗೆಳೆಯರ ಜೊತೆ ಸೇರುವುದು. ಅದನ್ನು ಮಾಡಲು ತೊಡಕಾದಾಗ ಈ ಥೆರಪಿ. ಇದೊಂದು ಅರ್ಥ ತಲೆಯಲ್ಲಿ ಇಟ್ಟುಕೊಳ್ಳಿ. ನಾವು ಇದನ್ನು ಮರೆತದ್ದರಿಂದಲೇ ಮುಂದೆ ಮೂರೂವರೆ ತಿಂಗಳು ಕಳೆದುಕೊಂಡೆವು.

ಚೀಟಿ ಹಿಡಿದು ಕೇಂದ್ರಕ್ಕೆ ಫೋನ್ ಮಾಡಿದರೆ ನಾಲ್ಕು ತಿಂಗಳು ಕಾಯಬೇಕು ಅಂದರು. ಆ ನಾಲ್ಕು ತಿಂಗಳು ತುಂಬಾ ಕಷ್ಟ. ಏನೋ ಇದೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದು ಓದುವುದು, ಓದಿದ್ದೆಲ್ಲ ಮಗಳಲ್ಲಿ ಕಾಣುವುದು. ನಿದ್ದೆ ಕೆಟ್ಟಿತು, ಮನೆಯಲ್ಲಿ ಮಾತು ಕಮ್ಮಿಯಾಯಿತು. ಆ ಓದು ನಿಲ್ಲಿಸಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಕಾಯುವಾಗ ಮಾಡಿ ಒಳ್ಳೆಯದಾದದ್ದು ಮೂರು ಕೆಲಸ. ಒಂದು, ರಾತ್ರಿಯ ಆ ಒಂದು ಪುಟ ಬರೆಸುವುದನ್ನು ನಿಲ್ಲಿಸಿದ್ದು. ಎರಡು, ಚಿಕ್ಕ ಚಿಕ್ಕ ವಿಡಿಯೋ ತೆಗೆದದ್ದು: ಬಟ್ಟೆ ಹಾಕಿಕೊಳ್ಳುವಾಗ, ಚಮಚ ಹಿಡಿದಾಗ, ಮೆಟ್ಟಿಲು ಇಳಿಯುವಾಗ, ಬರೆಯುವಾಗ. ಹೊಸ ಜಾಗದಲ್ಲಿ ಮಕ್ಕಳು ಮನೆಯಲ್ಲಿ ಇರುವ ಹಾಗೆ ಇರುವುದಿಲ್ಲ. ನಮ್ಮ ಥೆರಪಿಸ್ಟ್ ಆ ವಿಡಿಯೋಗಳನ್ನು ಎರಡೆರಡು ಸಲ ನೋಡಿದರು. ಮೂರು, ಯಾರಾದರೂ ಅಪಾಯಿಂಟ್‌ಮೆಂಟ್ ರದ್ದು ಮಾಡಿದರೆ ನಮ್ಮನ್ನು ಕರೀರಿ ಅಂತ ಹೇಳಿ, ಹದಿನೈದು ದಿನಕ್ಕೊಮ್ಮೆ ನೆನಪಿಸುತ್ತಾ ಇದ್ದದ್ದು. ಅದರಿಂದ ಹತ್ತು ದಿನ ಮುಂಚೆ ಸಿಕ್ಕಿತು. ಹತ್ತೇ ದಿನ ಅನ್ನಬೇಡಿ, ಕಾಯುವವರಿಗೆ ಅದೂ ದೊಡ್ಡದು.

ಹೋಗುವ ಮೊದಲು ಮನೆಗೇ ಒಂದು ಉದ್ದದ ಪ್ರಶ್ನಾವಳಿ ಕಳಿಸಿದರು. ಸದ್ದು, ಬೆಳಕು, ಮುಟ್ಟುವುದು, ವಾಸನೆ, ಉಯ್ಯಾಲೆ, ಬಟ್ಟೆ, ಒಂದೊಂದರ ಬಗ್ಗೆಯೂ "ಯಾವಾಗಲೂ", "ಆಗಾಗ", "ಅಪರೂಪಕ್ಕೆ" ಅಂತ ಗುರುತು ಹಾಕಬೇಕು. ನಾನೂ ಹೆಂಡತಿಯೂ ಬೇರೆ ಬೇರೆ ತುಂಬಿದೆವು. ಆಮೇಲೆ ಹೋಲಿಸಿದರೆ ಅರ್ಧಕ್ಕರ್ಧ ಉತ್ತರ ಬೇರೆ! ಬೆಳಗಿನ ಮಗಳನ್ನು ಅವಳು ನೋಡುತ್ತಾಳೆ, ಸಂಜೆಯ ಮಗಳನ್ನು ನಾನು. ಎರಡನ್ನೂ ಕೊಟ್ಟೆವು. ಅದೇ ಒಳ್ಳೆಯದಾಯಿತು ಅಂದರು. ಇದರ ಜೊತೆ ಡಾಕ್ಟರ್ ಚೀಟಿ, ಕಣ್ಣು ಕಿವಿ ರಿಪೋರ್ಟ್, ಹುಟ್ಟಿದಾಗಿನ ಆಸ್ಪತ್ರೆ ಕಾಗದ, ಲಸಿಕೆ ಪುಸ್ತಕ, ಶಾಲೆಯ ಎರಡು ನೋಟ್‌ಬುಕ್ (ಒಂದು ಚೆನ್ನಾಗಿ ಬರೆದದ್ದು, ಒಂದು ಸುಸ್ತಾದಾಗ ಬರೆದದ್ದು), ಟೀಚರ್ ಬರೆದ ಅರ್ಧ ಪುಟ. ಎಲ್ಲದಕ್ಕೂ ಜೆರಾಕ್ಸ್ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪರೀಕ್ಷೆ ಎರಡು ದಿನ ನಡೆಯಿತು, ದಿನಕ್ಕೆ ಒಂದೂವರೆ ಗಂಟೆ. ನೋಡುವವರಿಗೆ ಆಟದ ಹಾಗೇ ಕಾಣುತ್ತದೆ. ಎರಡು ಗೆರೆಗಳ ನಡುವೆ ತಾಗದ ಹಾಗೆ ಗೆರೆ ಎಳೆ, ದಾರಕ್ಕೆ ಪೋಣಿಸು, ಕಾಗದ ಮಡಿಸು, ಒಂದು ಕಾಲಲ್ಲಿ ನಿಲ್ಲು, ಚೆಂಡು ಹಿಡಿ. ಕೈಕಾಲಿನ ಚಲನೆ ಎಷ್ಟು ಹಿಡಿತದಲ್ಲಿದೆ ಅಂತ ಅಳೆಯುವ ಬಾಟ್-2 ಅನ್ನುವ ಪರೀಕ್ಷೆ, 4ರಿಂದ 21 ವರ್ಷದವರೆಗಿನವರಿಗೆ ಮಾಡುವಂಥದ್ದು. ಆಕಾರಗಳನ್ನು ನೋಡಿಕೊಂಡು ಬರೆಯುವ ಇನ್ನೊಂದು ಪರೀಕ್ಷೆಯೂ ಇತ್ತು. ನಾವು ಮೂಲೆಯಲ್ಲಿ ಕೂತಿದ್ದೆವು. ಚೆಂಡು ಎದೆಗೆ ಬಡಿದು ಬಿದ್ದಾಗಲೆಲ್ಲ ಅವಳು ತಿರುಗಿ ನಮ್ಮ ಮುಖ ನೋಡುತ್ತಿದ್ದಳು. "ಹೀಗೆ ಹಿಡಿ" ಅಂತ ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಮಧ್ಯೆ ಬಾಯಿ ಹಾಕಬಾರದು, ಅಂಕ ಕೆಡುತ್ತದೆ ಅಂತ ಮೊದಲೇ ಹೇಳಿದ್ದರು. ಎರಡನೇ ದಿನ ಅರ್ಧಕ್ಕೇ ಅತ್ತಳು. ಥೆರಪಿಸ್ಟ್ ಅಲ್ಲಿಗೇ ನಿಲ್ಲಿಸಿ, ನೀರು ಕುಡಿಸಿ, ಹತ್ತು ನಿಮಿಷ ಸುಮ್ಮನೆ ಆಡಲು ಬಿಟ್ಟರು. ನಿಮ್ಮ ಮಗುವೂ ಅಳಬಹುದು. ಅದರಿಂದ ಪರೀಕ್ಷೆ ಹಾಳಾಗಲಿಲ್ಲ. ಎಲ್ಲಿ ಸಾಕಾಯಿತು ಅನ್ನುವುದನ್ನೂ ಅವರು ಬರೆದುಕೊಂಡರು.

ರಿಪೋರ್ಟ್ ಬರಲು ಮೂರು ವಾರ. ಅದರಲ್ಲಿ ಪರ್ಸೆಂಟೈಲ್ ಅನ್ನುವ ಕಾಲಂನಲ್ಲಿ 4 ಅಂತ ಇತ್ತು. ನೂರಕ್ಕೆ ನಾಲ್ಕು ಅಂಕ ಅಂತ ಓದಿಕೊಂಡು ನನ್ನ ಹೆಂಡತಿ ಕಣ್ಣೀರು ಹಾಕಿದಳು. ಅದರ ಅರ್ಥ ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಆ ಕೆಲಸದಲ್ಲಿ ಇವಳ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಸುಮಾರು ನಾಲ್ಕು ಮಕ್ಕಳು ಇರುತ್ತಾರೆ ಅಂತ. ಕಡಿಮೆಯೇ, ನಿಜ. ಆದರೆ ಬುದ್ಧಿಯ ಅಳತೆ ಅಲ್ಲ. ಇದನ್ನು ಎದುರಿಗೆ ಕೂತು ವಿವರಿಸಿ ಅಂತ ಕೇಳಿ. ರಿಪೋರ್ಟನ್ನು ಇಮೇಲ್‌ನಲ್ಲಿ ಕಳಿಸಿ ಸುಮ್ಮನಾದರೆ ಒಪ್ಪಬೇಡಿ.

ಆ ರಿಪೋರ್ಟ್ ತಗೊಂಡು ಮತ್ತೆ ಡಾಕ್ಟರ್ ಹತ್ತಿರ. ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ ಅಂದರು. ಇದನ್ನೇ ಕೆಲವರು ಡಿಸ್ಪ್ರಾಕ್ಸಿಯಾ ಅನ್ನುತ್ತಾರೆ. ಶಾಲೆಗೆ ಹೋಗುವ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಕ್ಕಳಿಗೆ ಇರುತ್ತದಂತೆ. ಬೇರೆ ಮಕ್ಕಳು ನೋಡಿ ನೋಡಿ ಕಲಿಯುವ ಚಲನೆಗಳನ್ನು ಈ ಮಕ್ಕಳು ಬಿಡಿಸಿ ಬಿಡಿಸಿ ಕಲಿಯಬೇಕು. ಡಾಕ್ಟರ್ ಪೆನ್ನು ಕೆಳಗಿಟ್ಟು, "ಇವಳಿಗೆ ಸೋಮಾರಿತನ ಇಲ್ಲ. ಬೇರೆಯವರಿಗಿಂತ ಎರಡರಷ್ಟು ಶ್ರಮ ಪಡ್ತಾ ಇದ್ದಾಳೆ, ನಿಮಗೆ ಕಾಣ್ತಾ ಇಲ್ಲ ಅಷ್ಟೆ" ಅಂದರು. ನನಗೆ ಆ ಹರಿದ ಪುಟ ಕಣ್ಣ ಮುಂದೆ ಬಂತು. ಮನೆಗೆ ಬಂದು ಮಗಳ ಹತ್ತಿರ ಕ್ಷಮೆ ಕೇಳಿದೆ. ಅವಳಿಗೆ ಯಾವುದಕ್ಕೆ ಅಂತ ನೆನಪೇ ಇರಲಿಲ್ಲ.

ಥೆರಪಿ ಶುರುವಾಯಿತು. ವಾರಕ್ಕೊಮ್ಮೆ, 45 ನಿಮಿಷ. ದೊಡ್ಡ ಕೋಣೆ, ನೇತಾಡುವ ಉಯ್ಯಾಲೆ, ಬಣ್ಣದ ಚೆಂಡುಗಳ ತೊಟ್ಟಿ, ಹತ್ತುವ ಗೋಡೆ, ಗಟ್ಟಿ ಕ್ಲೇ. ಮಗಳಿಗೆ ಖುಷಿಯೋ ಖುಷಿ. ಅವಳ ಖುಷಿ ನೋಡಿ ನಮಗೂ ನೆಮ್ಮದಿ. ನಾವು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆವು. ಬಾಗಿಲು ತೆರೆದಾಗ "ಚೆನ್ನಾಗಿ ಮಾಡಿದಳು" ಅನ್ನುವ ಒಂದು ಮಾತು. ಅಷ್ಟೆ. ಹೀಗೆ ಮೂರೂವರೆ ತಿಂಗಳು. ಅಷ್ಟಾದರೂ ಗುಂಡಿ ನಾನೇ ಹಾಕುತ್ತಿದ್ದೆ, ಕಾಲುಚೀಲ ಅವಳಮ್ಮ ಹಾಕುತ್ತಿದ್ದಳು. ಫೈಲ್‌ನಲ್ಲಿ ಗುರಿ ಅನ್ನುವ ಜಾಗದಲ್ಲಿ "ಕೈ ಬೆರಳುಗಳ ಶಕ್ತಿ ಹೆಚ್ಚಿಸುವುದು, ಸಂವೇದನೆ ಸುಧಾರಿಸುವುದು" ಅಂತ ಇತ್ತು. ಅದಕ್ಕೆ ಸಹಿ ಹಾಕಿದವನು ನಾನೇ. ಯಾವಾಗ ಮುಗಿಯುತ್ತದೆ, ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಅವರಿಗೆ ಬೇಜಾರಾಗಬಹುದು, ಮಗಳ ಮೇಲೆ ಗಮನ ಕಮ್ಮಿಯಾಗಬಹುದು ಅನ್ನುವ ಭಯ ಇತ್ತು.

ಅಷ್ಟರಲ್ಲಿ ಆ ಥೆರಪಿಸ್ಟ್ ಕೆಲಸ ಬಿಟ್ಟು ಹೋದರು. ನಮಗೆ ತಿಳಿದದ್ದು ಅವತ್ತಿನ ಸೆಷನ್‌ಗೆ ಹೋದಾಗ. ಮಗಳು ಬಾಗಿಲ ಹತ್ತಿರ ನಿಂತು "ನಾನು ಸರಿಯಾಗಿ ಮಾಡಲಿಲ್ಲ ಅಂತ ಹೋದ್ರಾ?" ಅಂತ ಕೇಳಿದಳು. ಐದು ವಾರ ಯಾರೂ ಇರಲಿಲ್ಲ. ಫೈಲ್ ಹುಡುಕಿದರೆ ಪರೀಕ್ಷೆಯ ಮೂಲ ಹಾಳೆಗಳೇ ಸಿಗಲಿಲ್ಲ. ನಮ್ಮ ಹತ್ತಿರ ಇದ್ದ ಜೆರಾಕ್ಸ್‌ನಿಂದಲೇ ಮುಂದಿನವರು ಶುರು ಮಾಡಿದರು. ಅದಿಲ್ಲದಿದ್ದರೆ ಮತ್ತೆ ಪರೀಕ್ಷೆ, ಮತ್ತೆ ಅದರ ಫೀಸು. ಅದೂ ಅಲ್ಲದೆ, ಒಮ್ಮೆ ಮಾಡಿದ ಪರೀಕ್ಷೆಯನ್ನೇ ಸ್ವಲ್ಪ ದಿನದಲ್ಲಿ ಮತ್ತೆ ಮಾಡಿಸಿದರೆ ಮಗುವಿಗೆ ಅಭ್ಯಾಸವಾಗಿ ಅಂಕ ಸರಿಯಾಗಿ ಬರುವುದಿಲ್ಲ. ಪ್ರತಿ ಕಾಗದದ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ.

ಖರ್ಚಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟು ಅನ್ನುವುದು ಊರಿಂದ ಊರಿಗೆ ಬೇರೆ, ಆದರೆ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದನ್ನು ತಿಳಿದಿರಿ. ಪರೀಕ್ಷೆಯ ಫೀಸು ಬೇರೆ, ಸೆಷನ್ ಫೀಸು ಬೇರೆ. ಲಿಖಿತ ರಿಪೋರ್ಟಿಗೆ ಬೇರೆ ಹಣ ಇದೆಯಾ ಕೇಳಿ. ನಮಗೆ ಇತ್ತು, ಕೊನೆಯಲ್ಲಿ ಹೇಳಿದರು. ಹಿಂದಿನ ದಿನ ತಿಳಿಸದೆ ತಪ್ಪಿಸಿದರೆ ಆ ಸೆಷನ್ನಿನ ಹಣ ಹೋಗುತ್ತದೆ. ಮಕ್ಕಳಿಗೆ ಜ್ವರ ಬರುವುದು ಹಿಂದಿನ ದಿನ ಹೇಳಿಕೊಂಡಲ್ಲ, ಹಾಗಾಗಿ ಅದಕ್ಕೆ ಏನು ನಿಯಮ ಅಂತ ಮೊದಲೇ ಬರೆಸಿಕೊಳ್ಳಿ. ವಿಮೆ ಇದ್ದರೆ ಥೆರಪಿ ಅದರೊಳಗೆ ಬರುತ್ತದಾ, ವರ್ಷಕ್ಕೆ ಎಷ್ಟು ಸೆಷನ್, ಡಾಕ್ಟರ್ ಚೀಟಿ ಎಷ್ಟು ದಿನಕ್ಕೊಮ್ಮೆ ಹೊಸದಾಗಿ ಬೇಕು ಅಂತ ಕೇಳಿ. ನಮಗೆ ಹೆಚ್ಚು ಹೊರೆಯಾದದ್ದು ಫೀಸಿಗಿಂತ ರಜೆ. 45 ನಿಮಿಷಕ್ಕೆ ಅರ್ಧ ದಿನ. ವಾರ ಬಿಟ್ಟು ವಾರ ಇಬ್ಬರೂ ಹಂಚಿಕೊಂಡೆವು.

ಹೊಸ ಥೆರಪಿಸ್ಟ್ ಮೊದಲ ದಿನ ಮಗಳನ್ನು ಉಯ್ಯಾಲೆಗೆ ಕೂರಿಸಲಿಲ್ಲ. ನಮ್ಮ ಮೂವರನ್ನೂ ಕೂರಿಸಿಕೊಂಡು, "ಬೆಳಿಗ್ಗೆ ಎದ್ದಾಗಿಂದ ಏನೇನಾಗುತ್ತೆ ಹೇಳಿ" ಅಂದರು. ಹೇಳಿದೆವು. ಶಾಲೆಗೆ ಹೊರಡುವ ಹೊತ್ತಿನ ಜಗಳವನ್ನೂ ಹೇಳಿದೆವು. ಆಮೇಲೆ ಮಗಳ ಕಡೆ ತಿರುಗಿ, "ನಿನಗೆ ಯಾವುದು ಬರಬೇಕು ಪುಟ್ಟಾ?" ಅಂತ ಕೇಳಿದರು. ಅವಳು ಕೆಳಗೆ ನೋಡಿಕೊಂಡು, "ಗುಂಡಿ" ಅಂದಳು. ಆಟದ ಪೀರಿಯಡ್ ಮುಗಿದ ಮೇಲೆ ಬಟ್ಟೆ ಬದಲಾಯಿಸುವಾಗ ಇವಳೊಬ್ಬಳೇ ಕೊನೆಗೆ ಉಳಿಯುತ್ತಿದ್ದಳಂತೆ, ಟೀಚರ್ ಬಂದು ಹಾಕಬೇಕಿತ್ತಂತೆ. ಒಂದು ವರ್ಷದಲ್ಲಿ ನಾವು ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಅವತ್ತೇ ಗುರಿ ಬರೆದರು. ಮೊದಲನೆಯದು: ಶಾಲೆಯ ಅಂಗಿಯ ಐದೂ ಗುಂಡಿ ತಾನೇ ಐದು ನಿಮಿಷದೊಳಗೆ ಹಾಕಿಕೊಳ್ಳುವುದು. ಎರಡನೆಯದು: ಐದು ಸಾಲು ಕೈನೋವಿಲ್ಲದೆ ಬರೆಯುವುದು. ಮೂರನೆಯದು: ಶೂ ಲೇಸ್ ಕಟ್ಟುವುದು. ಪ್ರತಿಯೊಂದಕ್ಕೂ, ಈಗ ಎಷ್ಟು ಚೆನ್ನಾಗಿ ಆಗುತ್ತೆ, ಅದರ ಬಗ್ಗೆ ಎಷ್ಟು ಸಮಾಧಾನ ಇದೆ ಅಂತ ಹತ್ತಕ್ಕೆ ಇಷ್ಟು ಅಂಕ ಹಾಕಿಸಿದರು. ಇದು ಕೆನಡಾದ ಥೆರಪಿಸ್ಟ್‌ಗಳು ರೂಪಿಸಿದ ಪದ್ಧತಿ. ಗುಂಡಿಗೆ ಮಗಳು ಒಂದು ಅಂಕ ಕೊಟ್ಟಳು. ಮೂರು ತಿಂಗಳಿಗೆ ಮತ್ತೆ ಇದೇ ಹಾಳೆ ತೆಗೆಯೋಣ, ಏನೂ ಬದಲಾಗಿಲ್ಲ ಅಂದರೆ ದಾರಿ ಬದಲಿಸೋಣ ಅಂದರು. ನನಗೆ ಕಣ್ಣು ತುಂಬಿ ಬಂತು. ಇದನ್ನು ನಾನು ಮೊದಲ ತಿಂಗಳೇ ಕೇಳಬಹುದಿತ್ತು. ನೀವು ಕೇಳಿ. ಗುರಿಯನ್ನು ಮಗುವಿನ ಅಜ್ಜಿಗೆ ಓದಿ ಹೇಳಿದರೆ ಅರ್ಥವಾಗಬೇಕು, ಆಯಿತೋ ಇಲ್ಲವೋ ಅಂತ ಅವರೂ ನೋಡಿ ಹೇಳುವಂತಿರಬೇಕು. ಹಾಗಿಲ್ಲದಿದ್ದರೆ ಸಹಿ ಹಾಕಬೇಡಿ.

ಗುಂಡಿ ಹೇಗೆ ಕಲಿಸಿದರು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಇದು ಮನೆಯಲ್ಲೇ ನಡೆದದ್ದು. ಕೊನೆಯಿಂದ ಕಲಿಸುವುದು. ಮೊದಲು ನಾನು ಗುಂಡಿಯನ್ನು ಕಾಜದೊಳಗೆ ಮುಕ್ಕಾಲು ಭಾಗ ತೂರಿಸಿ ಬಿಡುವುದು. ಹೊರಗೆ ಬಂದ ಅಂಚನ್ನು ಹಿಡಿದು ಎಳೆಯುವುದಷ್ಟೇ ಅವಳ ಕೆಲಸ. ಟಕ್ ಅಂತ ಬರುತ್ತದೆ, ಕೆಲಸ ಮುಗಿಸಿದವಳು ಅವಳು. ಅದು ಹತ್ತಕ್ಕೆ ಎಂಟು ಸಲ ಸಲೀಸಾದ ಮೇಲೆ ಅರ್ಧ ತೂರಿಸಿ ಬಿಡುವುದು. ಆಮೇಲೆ ಬರೀ ಅಂಚು. ಕೊನೆಗೆ ಕಾಜ ಹುಡುಕುವುದರಿಂದ ಹಿಡಿದು ಎಲ್ಲ ಅವಳದೇ. ಅವಳ ತೊಡಕು ಎಲ್ಲಿತ್ತು ಅಂತ ನನಗೆ ಕಂಡದ್ದು ಆಗ. ಬಲಗೈ ಗುಂಡಿಯನ್ನು ತಳ್ಳುವಾಗ ಎಡಗೈ ಬಟ್ಟೆಯನ್ನು ಬಿಟ್ಟುಬಿಡುತ್ತಿತ್ತು. ಹಿಡಿತವಿಲ್ಲದ ಬಟ್ಟೆ ಗುಂಡಿಯ ಜೊತೆಗೇ ಮುಂದೆ ಹೋಗುತ್ತಿತ್ತು. ಎಷ್ಟು ತಳ್ಳಿದರೂ ಒಳಗೆ ಹೋಗದು. ಆರು ವರ್ಷ ದಿನಾ ಗುಂಡಿ ಹಾಕಿದ ನಾನು ಇದನ್ನು ಒಮ್ಮೆಯೂ ನೋಡಿರಲಿಲ್ಲ. ಥೆರಪಿಸ್ಟ್ ಕಾಜದ ಪಕ್ಕದಲ್ಲಿ ಕೆಂಪು ದಾರದಿಂದ ಎರಡು ಹೊಲಿಗೆ ಹಾಕಿಸಿದರು. "ಎಡಗೈ ಹೆಬ್ಬೆರಳು ಕೆಂಪಿನ ಮೇಲೆ" ಅನ್ನುವುದು ಅವಳ ಬಾಯಿಪಾಠವಾಯಿತು.

ಮೊದಲ ಎರಡು ವಾರ ದೊಡ್ಡ ಗುಂಡಿಯ ಹಳೇ ಕೋಟನ್ನು ಮೇಜಿನ ಮೇಲೆ ಹರಡಿಕೊಂಡು ಮಾಡಿದಳು. ಮೈ ಮೇಲಿರುವ ಗುಂಡಿ ಕಷ್ಟ, ಮೇಜಿನ ಮೇಲಿರುವುದು ಸುಲಭ. ಹೊತ್ತು ಸಂಜೆ ಇಟ್ಟುಕೊಂಡೆವು, ಶಾಲೆಗೆ ಹೊರಡುವ ಅವಸರದಲ್ಲಿ ಅಲ್ಲ. ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ ಅಂದಿದ್ದರು. ನಮ್ಮಮ್ಮನಿಗೂ ಒಂದು ಕೆಲಸ ಕೊಟ್ಟರು: ಅವಳು ಮಾಡುವಾಗ ಪಕ್ಕದಲ್ಲಿ ಕೂತಿರುವುದು, ಕೈ ಹಾಕದೆ. ಅಮ್ಮನಿಗೆ ಅದು ಸುಲಭವಾಗಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಿದ್ದರು. ಒಂಬತ್ತನೇ ವಾರದಲ್ಲಿ ಮೊದಲ ಸಲ ಶಾಲೆಯ ಅಂಗಿಯ ಕೆಳಗಿನ ಮೂರು ಗುಂಡಿ ಅವಳೇ ಹಾಕಿಕೊಂಡಳು. ಮೇಲಿನದು ಕಣ್ಣಿಗೆ ಕಾಣಲ್ಲ, ಅದಕ್ಕೆ ಇನ್ನೂ ಐದು ವಾರ ಬೇಕಾಯಿತು.

ಉಯ್ಯಾಲೆ ಮತ್ತೆ ಬಂತು, ಆದರೆ ಐದು ನಿಮಿಷಕ್ಕೆ. ಅದರ ಬಗ್ಗೆ ನಾನು ನೇರವಾಗೇ ಕೇಳಿದೆ. ಸಂವೇದನೆಗಳನ್ನು ಮೆದುಳು ಒಟ್ಟುಗೂಡಿಸಿಕೊಳ್ಳುವ ರೀತಿಯ ಬಗ್ಗೆ ಜೀನ್ ಆಯರ್ಸ್ ಅನ್ನುವ ಅಮೆರಿಕದ ಥೆರಪಿಸ್ಟ್ ದಶಕಗಳ ಹಿಂದೆಯೇ ಕೆಲಸ ಮಾಡಿದ್ದರು, ಈ ಉಯ್ಯಾಲೆ, ಚೆಂಡಿನ ತೊಟ್ಟಿ ಎಲ್ಲ ಆ ದಾರಿಯಿಂದ ಬಂದದ್ದು ಅಂತ ಅವರು ಹೇಳಿದರು. ಎಷ್ಟು ಉಪಯೋಗ ಅನ್ನುವುದರಲ್ಲಿ ಒಮ್ಮತ ಇಲ್ಲ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರಲ್ಲೇ ಇದರ ಬಗ್ಗೆ ಹೇಳಿದೆ: ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಇದು ಇರಬಹುದು, ಆದರೆ ಸಂಶೋಧನೆ ಸೀಮಿತವಾಗಿದೆ ಅನ್ನುವುದನ್ನು ಪೋಷಕರಿಗೆ ತಿಳಿಸಬೇಕು ಅಂತ. ಆಸ್ಟ್ರೇಲಿಯಾದ ಸಂಶೋಧಕರಾದ ನೋವಾಕ್ ಮತ್ತು ಹೊನನ್ 2019ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ಗಟ್ಟಿಯಾಗಿ ನಿಂತದ್ದು ಬೇರೆ ರೀತಿಯವು: ಗುರಿ ಇಟ್ಟುಕೊಂಡು ಆ ಕೆಲಸವನ್ನೇ ಮಾಡಿಸುವುದು, ಮನೆಯ ಅಭ್ಯಾಸ, ತಂದೆತಾಯಿಗೆ ಕಲಿಸುವುದು, ಬರವಣಿಗೆಗೆ ಬರವಣಿಗೆಯನ್ನೇ ಅಭ್ಯಾಸ ಮಾಡಿಸುವುದು. ಇದನ್ನು ಓದಿದ ಮೇಲೆ ಮನೆಗೆ ಉಯ್ಯಾಲೆ, ತೂಕ ತುಂಬಿದ ಜಾಕೆಟ್ಟು ಕೊಳ್ಳುವ ಯೋಚನೆ ಬಿಟ್ಟೆವು. ಹಣ ಕೊಟ್ಟು ತಂದದ್ದು ದಪ್ಪ ಪೆನ್ಸಿಲ್ ಒಂದು ಡಬ್ಬಿ ಮಾತ್ರ. ಹಾಗಂತ ಮಗಳಿಗೆ ಉಯ್ಯಾಲೆಯಿಂದ ಒಳ್ಳೆಯದಾಗಲಿಲ್ಲ ಅನ್ನಲಾರೆ. ಐದು ನಿಮಿಷ ತೂಗಿ ಇಳಿದ ಮೇಲೆ ಅವಳು ಸಮಾಧಾನವಾಗಿ ಕೂರುತ್ತಿದ್ದಳು. ಕೂತ ಮೇಲೆ ಏನು ಕಲಿಯುತ್ತಾಳೆ ಅನ್ನುವುದನ್ನು ನೋಡಬೇಕು ಅಷ್ಟೆ.

ಲೇಬಲ್ಲು, ತಲೆಸ್ನಾನ ಬೇಗ ಮುಗಿದವು. ಲೇಬಲ್ ಕತ್ತರಿಸುವುದನ್ನೇ ಮುಂದುವರಿಸಿ, ಅದರಲ್ಲಿ ತಪ್ಪಿಲ್ಲ ಅಂದರು. ತಲೆಗೆ ನೀರು ಹಾಕುವ ಮೊದಲು ಹತ್ತರಿಂದ ಹಿಂದಕ್ಕೆ ಎಣಿಸುವುದು, ಕಣ್ಣಿಗೆ ಒಣ ಟವೆಲ್ಲನ್ನು ಅವಳೇ ಹಿಡಿದುಕೊಳ್ಳುವುದು. ಅಷ್ಟರಲ್ಲೇ ಅರ್ಧ ಜಗಳ ಹೋಯಿತು.

ಶಾಲೆಯದು ನಾವು ಎಣಿಸದ ಅಡಚಣೆ. ಥೆರಪಿಸ್ಟ್ ಒಂದು ಪುಟದ ಪತ್ರ ಕೊಟ್ಟರು: ಪಾದ ನೆಲಕ್ಕೆ ತಾಗುವ ಕುರ್ಚಿ, ಇಲ್ಲದಿದ್ದರೆ ಕಾಲ ಕೆಳಗೊಂದು ಪೆಟ್ಟಿಗೆ, ಬರೆಯಲು ಇಳಿಜಾರಾದ ಹಲಗೆ, ಬೋರ್ಡಿನಿಂದ ಬರೆದುಕೊಳ್ಳುವುದನ್ನು ಅರ್ಧ ಮಾಡುವುದು, ಜಾಸ್ತಿ ಸಮಯ. ಶಾಲೆಯವರು ಒಬ್ಬಳಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆ ಅಂದರು. ಎರಡು ಸಲ ಬರಿಗೈಲಿ ಬಂದೆ. ಮೂರನೇ ಸಲ ಪತ್ರದ ಬದಲು ನೋಟ್‌ಬುಕ್ ತಗೊಂಡು ಹೋದೆ. ಮನೆಯಲ್ಲಿ ಕಾಲಿಗೆ ಪೆಟ್ಟಿಗೆ ಇಟ್ಟು, ದಪ್ಪ ಫೈಲನ್ನು ಇಳಿಜಾರಾಗಿಟ್ಟು ಬರೆಸಿದ ಪುಟ ಒಂದು ಕಡೆ, ಶಾಲೆಯಲ್ಲಿ ಅದೇ ದಿನ ಬರೆದ ಪುಟ ಇನ್ನೊಂದು ಕಡೆ. ಟೀಚರ್ ಎರಡನ್ನೂ ಬಹಳ ಹೊತ್ತು ನೋಡಿದರು. "ಎರಡೂ ಅವಳೇ ಬರೆದದ್ದಾ?" ಅಂದರು. ಮಾರನೇ ದಿನದಿಂದ ಪೆಟ್ಟಿಗೆ ಬಂತು. ಆ ಟೀಚರ್ ಆಮೇಲೆ ನಮಗೆ ಮಾಡಿದ ಸಹಾಯ ದೊಡ್ಡದು. ಕೈ ನೋಯುತ್ತೆ ಅಂದ ದಿನ ಬಾಯಿಂದ ಉತ್ತರ ಹೇಳಿಸಿ ಅಂಕ ಕೊಟ್ಟರು.

ಶೂ ಲೇಸ್ ಬೇರೆ ರೀತಿ ಕಲಿಸಿದರು. ಏನು ಮಾಡಬೇಕು, ಹೇಗೆ ಮಾಡ್ತೀಯ, ಮಾಡು, ಆಯ್ತಾ ನೋಡು. ಈ ನಾಲ್ಕು ಪ್ರಶ್ನೆ ಅವಳೇ ಕೇಳಿಕೊಂಡು, ತಪ್ಪು ಎಲ್ಲಾಯಿತು ಅಂತ ಅವಳೇ ಹುಡುಕಬೇಕು. ನಾವು ಉತ್ತರ ಹೇಳುವಂತಿಲ್ಲ. ಒಂದು ದಿನ "ಅಪ್ಪಾ, ಗಂಟು ಸಡಿಲ ಇದೆ, ಅದಕ್ಕೇ ಕಿವಿ ಬಿಚ್ಚಿಕೊಳ್ತಿದೆ" ಅಂದಳು (ಕಿವಿ ಅಂದರೆ ಲೇಸಿನ ಕುಣಿಕೆ). ಇನ್ನೂ ಪೂರ್ತಿ ಬಂದಿಲ್ಲ. ಹತ್ತಕ್ಕೆ ಆರು ಅಂತ ಅವಳೇ ಬರೆದಿದ್ದಾಳೆ. ಬರವಣಿಗೆ ಈಗಲೂ ತರಗತಿಯಲ್ಲಿ ನಿಧಾನವೇ, ಆದರೆ ಐದು ಸಾಲು ಅಳದೆ ಬರೆಯುತ್ತಾಳೆ. ಎಡವುವುದು ಅಷ್ಟೇನೂ ಕಮ್ಮಿಯಾಗಿಲ್ಲ. ಡಿಸಿಡಿ ಪೂರ್ತಿ ಹೋಗಿಬಿಡುವಂಥದ್ದಲ್ಲ ಅಂತ ನಮಗೆ ಈಗ ಗೊತ್ತು. ಮೊದಲ ದಿನ ಯಾರಾದರೂ ಇದನ್ನು ಹೇಳಿದ್ದರೆ ತಡೆದುಕೊಳ್ಳುತ್ತಿರಲಿಲ್ಲ ಅನಿಸುತ್ತದೆ. ಈಗ ತಡೆದುಕೊಳ್ಳಬಲ್ಲೆ.

ಕೊನೆಯ ದಿನ ಮತ್ತೆ ಅದೇ ಹಾಳೆ ತೆಗೆದರು. ಗುಂಡಿಯ ಮುಂದೆ ಮಗಳು ಒಂಬತ್ತು ಬರೆದಳು. ಯಾಕೆ ಹತ್ತಿಲ್ಲ ಅಂದರೆ, ಕತ್ತಿನದು ಚಳಿಯಲ್ಲಿ ಕಷ್ಟ ಅಂದಳು. ಮನೆಯಲ್ಲಿ ಮುಂದುವರಿಸಬೇಕಾದ್ದು, ಶಾಲೆಗೆ ಕೊಡಬೇಕಾದ್ದು, ಯಾವಾಗ ಮತ್ತೆ ಬರಬೇಕು ಅನ್ನುವುದನ್ನೆಲ್ಲ ಬರೆದುಕೊಟ್ಟರು. ಮುಗಿಸುವಾಗ ಈ ಕಾಗದ ಕೇಳಿ ತಗೊಳ್ಳಿ. ದೊಡ್ಡ ತರಗತಿಗೆ ಹೋಗಿ ಬರವಣಿಗೆ ಜಾಸ್ತಿಯಾದಾಗ, ಪೆನ್ನು ಬಂದಾಗ ಮತ್ತೆ ಕೆಲವು ಸೆಷನ್ ಬೇಕಾಗಬಹುದು. ಹಾಗೆ ಮತ್ತೆ ಹೋದರೆ ಸೋತಂತೆ ಅಂತ ತಿಳಿಯಬೇಡಿ ಅಂದರು. ಆರು ತಿಂಗಳಿಗೊಮ್ಮೆ ನೋಡುತ್ತಾರಂತೆ.

ಹೊರಡುವಾಗ ಥೆರಪಿಸ್ಟ್ ಹೊಸ ಹಾಳೆಯೊಂದನ್ನು ಮಗಳ ಕೈಗೆ ಕೊಟ್ಟು, ಮುಂದಿನದು ನೀನೇ ಬರಿ ಅಂದರು. ಅವಳು ದಪ್ಪ ಪೆನ್ಸಿಲ್‌ನಲ್ಲಿ, ಗೆರೆಯಿಂದ ಸ್ವಲ್ಪ ಕೆಳಗೆ ಜಾರಿದ ಅಕ್ಷರದಲ್ಲಿ "ಸೈಕಲ್" ಅಂತ ಬರೆದಳು. ಭಾನುವಾರ ಸೈಕಲ್ಲಿನ ಪೆಡಲ್ ಎರಡೂ ಬಿಚ್ಚಿ, ಕಾಲು ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿದ್ದೇನೆ. ಈಗ ಕಾಲಿನಿಂದ ತಳ್ಳಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದಾಳೆ. ಪೆಡಲ್‌ಗಳನ್ನು ಅವಳೇ ಬಟ್ಟೆಯಲ್ಲಿ ಸುತ್ತಿ ತನ್ನ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದಾಳೆ.